ಸೆಲ್ಬೋರ್ನಿನ ಪಾದ್ರಿಯೂ ಊರು ಬಿಟ್ಟ ಹಕ್ಕಿಗಳೂ

ಇಂಗ್ಲೆಂಡಿಗೆ ಬಂದು ನೆಲೆಸಿದ ನಮ್ಮಂಥವರಿಗೆ ಇಲ್ಲಿಯ ನೆರೆಹೊರೆಯವರು ಆಗಾಗ ಹೇಳುವ ಬುದ್ಧಿಮಾತೊಂದಿದೆ: ನಿಜವಾದ ಇಂಗ್ಲೆಂಡ್ ನೋಡಬೇಕಾದರೆ ಹಳ್ಳಿಗೆ ಹೋಗಿ. ನಾವೂ ಹೋಗುತ್ತೇವೆ. ಚರ್ಚಿನ ಮುಂದೆ ಒಂದು, ಪಬ್ಬಿನ ಮುಂದೆ ಒಂದು ಫೋಟೋ ತೆಗೆದು, ಕಟ್ಟಿಕೊಂಡು ಹೋದ ಚಿತ್ರಾನ್ನ ಮೊಸರನ್ನ ತಿಂದು, ಕತ್ತಲಾಗುವ ಮೊದಲು ಮೋಟರ್‌ವೇ ಹಿಡಿಯುತ್ತೇವೆ. ಹಳ್ಳಿ ಮಾತ್ರ ಬಿಸ್ಕತ್ತಿನ ಡಬ್ಬಿಯ ಮೇಲಿನ ಚಿತ್ರವಾಗಿಯೇ ಉಳಿದುಬಿಡುತ್ತದೆ. ಆ ಚಿತ್ರದ ಹಿಂದೆ ಏನಿತ್ತು, ಯಾರಿದ್ದರು ಎಂದು ತಿಳಿಯುವ ಆಸೆಯುಳ್ಳವರು ಓದಬೇಕಾದ ಪುಸ್ತಕವೊಂದಿದೆ. ಅದು ಗಿಲ್ಬರ್ಟ್ ವೈಟ್ ಎಂಬ ಪಾದ್ರಿ 1789ರಲ್ಲಿ ಪ್ರಕಟಿಸಿದ ‘ದಿ ನ್ಯಾಚುರಲ್ ಹಿಸ್ಟರಿ ಅಂಡ್ ಆಂಟಿಕ್ವಿಟೀಸ್ ಆಫ್ ಸೆಲ್ಬೋರ್ನ್’. ಇಲ್ಲಿಯವರು ಇದನ್ನು ತಲೆತಲಾಂತರದಿಂದ ಹೊಗಳುತ್ತ ಬಂದಿದ್ದಾರೆ. ಹೊಗಳಿಕೆಯ ಬಹುಪಾಲು ನ್ಯಾಯವಾದದ್ದೇ. ಆದರೆ ಹೊಗಳುವವರು ಯಾವುದನ್ನು ಮೆಚ್ಚುತ್ತಾರೋ ಅದು ಈ ಪುಸ್ತಕದ ನಿಜವಾದ ಬಲವಲ್ಲ, ಯಾವುದನ್ನು ನಕ್ಕು ಬಿಟ್ಟುಬಿಡುತ್ತಾರೋ ಅದು ಸಣ್ಣ ತಪ್ಪೂ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಸೆಲ್ಬೋರ್ನ್ ಇರುವುದು ಹ್ಯಾಂಪ್‌ಷೈರಿನಲ್ಲಿ, ಆಲ್ಟನ್ ಪೇಟೆಯಿಂದ ನಾಲ್ಕೈದು ಮೈಲಿ ದೂರದಲ್ಲಿ. ಪುಸ್ತಕದ ವಿಷಯ ಅದೊಂದೇ ಪ್ಯಾರಿಷ್. ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು, ಅದರ ಹೊಲ, ಕಾಡು, ಗೋಮಾಳ, ದೂರದ ಬಿಡಿಮನೆಗಳು. ನಮ್ಮ ಕಡೆ ಒಂದು ಗ್ರಾಮ ಮತ್ತು ಅದರ ಮಜರೆಗಳು ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಊರಿನ ಬೆನ್ನಿಗೆ ಬೀಚ್ ಮರಗಳ ಕಡಿದಾದ ಗುಡ್ಡ. ಅದನ್ನು ಹ್ಯಾಂಗರ್ ಎನ್ನುತ್ತಾರೆ. ಅದನ್ನು ಹತ್ತಲು ವೈಟ್ ಮತ್ತು ಅವನ ತಮ್ಮ ಜಾನ್ 1753ರಲ್ಲಿ ಕಡಿಸಿದ ಅಂಕುಡೊಂಕಿನ ದಾರಿ ಇವತ್ತಿಗೂ ಇದೆ, ಹತ್ತಿದರೆ ಇವತ್ತಿಗೂ ಏದುಸಿರು ಬರುತ್ತದೆ.

ವೈಟ್ ಹುಟ್ಟಿದ್ದು 1720ರಲ್ಲಿ, ಇದೇ ಊರಿನ ಪಾದ್ರಿಯ ಮನೆಯಲ್ಲಿ. ಅವನ ಅಜ್ಜ ಇಲ್ಲಿ ವಿಕರ್ ಆಗಿದ್ದ (ಹುದ್ದೆಯ ಹೆಸರು, ಕನ್ನಡದ ‘ವಿಕಾರ’ ಅಲ್ಲ). ಮೊಮ್ಮಗನಿಗೆ ಮಾತ್ರ ಆ ಪಟ್ಟ ಸಿಗಲೇ ಇಲ್ಲ. ಸೆಲ್ಬೋರ್ನಿನ ಹಳೆಯ ಮಠ 1480ರ ದಶಕದಲ್ಲಿ ಮುಚ್ಚಿ ಅದರ ಆಸ್ತಿ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿಗೆ ಸೇರಿತ್ತು. ಊರಿನ ವಿಕರ್ ಯಾರೆಂದು ನಿರ್ಧರಿಸುವ ಹಕ್ಕೂ ಆ ಕಾಲೇಜಿನದೇ. ಅಜ್ಜ ಆ ಕಾಲೇಜಿನವನು, ವೈಟ್ ಓರಿಯಲ್ ಕಾಲೇಜಿನವನು. ಹೀಗಾಗಿ ಬೇರೆಯವರ ಬದಲಿಗೆ ಪೂಜೆ ನಡೆಸುವ ಕ್ಯುರೇಟ್ ಆಗಿಯೇ, ದಿ ವೇಕ್ಸ್ ಎಂಬ ತನ್ನ ಮನೆಯಲ್ಲಿ, ಮದುವೆಯಾಗದೆ ಬಾಳಿ 1793ರ ಜೂನ್ 26ರಂದು ತೀರಿಕೊಂಡ. ಹೆಚ್ಚಿನ ಹುದ್ದೆ ಬೇಕಿದ್ದರೆ ಊರು ಬಿಡಬೇಕಿತ್ತು. ಬಿಡಲಿಲ್ಲ.

ಪುಸ್ತಕ ಪತ್ರಗಳ ರೂಪದಲ್ಲಿದೆ. ಥಾಮಸ್ ಪೆನಂಟ್ ಎಂಬ ಪ್ರಾಣಿಶಾಸ್ತ್ರಜ್ಞನಿಗೆ 44, ಡೇನ್ಸ್ ಬ್ಯಾರಿಂಗ್ಟನ್ ಎಂಬ ವಕೀಲನಿಗೆ 66. ಮೊದಲ ಒಂಬತ್ತು ಪತ್ರಗಳು ಅಂಚೆಗೆ ಬಿದ್ದವೇ ಅಲ್ಲ, ಪುಸ್ತಕಕ್ಕೆ ಮುಖಮಂಟಪವಿರಲಿ ಎಂದು ಆಮೇಲೆ ಬರೆದು ಸೇರಿಸಿದವು. ಕೊನೆಯ ಭಾಗ ಹಳೆಯ ಮಠದ ಚರಿತ್ರೆ, ನೀರಸ. ಅನೇಕ ಮುದ್ರಣಗಳು ಅದನ್ನು ಕೈಬಿಟ್ಟಿವೆ, ಓದುಗರಿಗೆ ನಷ್ಟವಾದಂತೆ ಕಾಣುವುದಿಲ್ಲ.

ಈಗ ಪುಸ್ತಕದ ಬಲದ ಮಾತು. ಇದನ್ನು ‘ಹಳೆಯ ಇಂಗ್ಲೆಂಡಿನ ಸವಿನೆನಪು’ ಎಂದು ಓದುವವರೇ ಹೆಚ್ಚು. ವೈಟ್ ನೆನಪು ಬರೆದವನೇ ಅಲ್ಲ. ಅವನು ಅಂದಂದು ಕಂಡದ್ದನ್ನು ಅಂದಂದೇ ಬರೆದಿಟ್ಟವನು, ಅಳೆದವನು, ಎಣಿಸಿದವನು, ತೂಗಿದವನು. ‘ಹಿತ್ತಲ ಗಿಡ ಮದ್ದಲ್ಲ’ ಎಂದು ನಾವು ಹೇಳುತ್ತೇವೆ. ಇವನು ಹಿತ್ತಲಿನಲ್ಲೇ ಬದುಕೆಲ್ಲ ಹುಡುಕಿದ. ಗೋಧಿಯ ಹೊಲದಲ್ಲಿ ವಾಸಿಸುವ ಪುಟ್ಟ ಇಲಿಯೊಂದನ್ನು ಅವನ ಮುಂಚೆ ಇಲ್ಲಿಯ ಯಾವ ಪಂಡಿತನೂ ಬೇರೆ ಜಾತಿಯೆಂದು ಗುರುತಿಸಿರಲಿಲ್ಲ. ಅಂಥ ಎರಡು ಇಲಿಗಳನ್ನು ತಕ್ಕಡಿಯಲ್ಲಿಟ್ಟರೆ ಅರ್ಧ ಪೆನ್ನಿಯ ಒಂದು ತಾಮ್ರದ ನಾಣ್ಯಕ್ಕೆ ಸಮ ತೂಗಿದವಂತೆ. ಅದರ ಗೂಡಿನ ಗಾತ್ರ ಹೇಳಲು ಅವನು ಕೊಡುವ ಹೋಲಿಕೆ ಕ್ರಿಕೆಟ್ ಚೆಂಡು. ಇನ್ನೂರೈವತ್ತು ವರ್ಷಗಳ ಹಿಂದಿನ ಪಾದ್ರಿಯ ಪತ್ರದಲ್ಲಿ ಆ ಚೆಂಡು ಎದುರಾದಾಗ ನಮ್ಮವರಿಗೆ ಖುಷಿಯಾಗದೆ ಇರದು.

ಕಣ್ಣಿಗೆ ಒಂದೇ ಹಕ್ಕಿಯಂತೆ ಕಾಣುವ ಹಸಿರುಹಳದಿಯ ಮೂರು ಹಕ್ಕಿಗಳನ್ನು — ಚಿಫ್‌ಚಾಫ್, ವಿಲೋ ವಾರ್ಬ್ಲರ್, ವುಡ್ ವಾರ್ಬ್ಲರ್ — ಅವುಗಳ ಕೂಗಿನಿಂದ ಬೇರೆ ಬೇರೆಯೆಂದು 1768ರ ವೇಳೆಗೇ ತೋರಿಸಿಕೊಟ್ಟ. ಎರೆಹುಳುವನ್ನು ತೋಟಗಾರರು ಪೀಡೆಯೆಂದು ಬೈಯುತ್ತಿದ್ದ ಕಾಲದಲ್ಲಿ, ಅದಿಲ್ಲದೆ ಮಣ್ಣು ಬಂಜೆಯಾದೀತು ಎಂದು 1777ರಲ್ಲಿ ಬರೆದ. ಡಾರ್ವಿನ್ ಎರೆಹುಳುವಿನ ಮೇಲೆ ತನ್ನ ಗ್ರಂಥ ತಂದದ್ದು 1881ರಲ್ಲಿ. ಹುಡುಗನಾಗಿದ್ದಾಗ ವೈಟನ ಪುಸ್ತಕ ಓದಿ ಹಕ್ಕಿಗಳನ್ನು ನೋಡುವ ಹುಚ್ಚು ಹಿಡಿಯಿತೆಂದು ಅದೇ ಡಾರ್ವಿನ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ನನಗೆ ಅತ್ಯಂತ ಮೆಚ್ಚುಗೆಯಾದದ್ದು 1783ರ ಬೇಸಿಗೆಯ ಪತ್ರ. ಜೂನ್ 23ರಿಂದ ಜುಲೈ 20ರವರೆಗೆ ವಿಚಿತ್ರವಾದ ಒಣ ಮಬ್ಬು ಕವಿದಿತ್ತು. ನಡುಹಗಲ ಸೂರ್ಯ ಮೋಡ ಮುಸುಕಿದ ಚಂದ್ರನಂತೆ ಪೇಲವ, ನೆಲದ ಮೇಲೆ ಬೀಳುವ ಬೆಳಕು ತುಕ್ಕಿನ ಬಣ್ಣ, ಕಡಿದ ಮಾಂಸ ಮರುದಿನಕ್ಕೆ ತಿನ್ನಲಾಗದಂತೆ ಕೆಡುತ್ತಿತ್ತು. ಐಸ್‌ಲ್ಯಾಂಡಿನ ಲಾಕಿ ಜ್ವಾಲಾಮುಖಿ ಆ ಜೂನಿನಲ್ಲಿ ಬಾಯಿ ತೆರೆದಿತ್ತೆಂದು ನಮಗೆ ಗೊತ್ತು. ವೈಟನಿಗೆ ಅದು ಗೊತ್ತಿಲ್ಲ. ಊರಿನವರು ಹೆದರಿದ್ದಾರೆಂದು ಹೇಳುತ್ತಾನೆ, ಆದರೆ ತಾನು ಪ್ರಳಯ ಬಂತೆಂದು ಬೋಧಿಸುವುದಿಲ್ಲ. ತಾರೀಖು ಹಾಕಿ, ಬಣ್ಣ ಬರೆದು, ಗಾಳಿಯ ದಿಕ್ಕು ಬರೆದು ಸುಮ್ಮನಾಗುತ್ತಾನೆ. ಇಂದಿನ ಹವಾಮಾನದ ವಿದ್ವಾಂಸರು ಆ ಪುಟಕ್ಕೆ ಮತ್ತೆ ಮತ್ತೆ ಬರುವುದು ಅದಕ್ಕೇ.

ಅದೇ ವರ್ಷದ ಅಕ್ಟೋಬರ್ 4ರಂದು ಎಣಿಸಿದಂತೆ ಸೆಲ್ಬೋರ್ನಿನಲ್ಲಿ 136 ಮನೆ, ಊರಬೀದಿಯಲ್ಲಿ 313 ಜನ, ಉಳಿದ ಕಡೆ 363, ಒಟ್ಟು 676. ಈ ಲೆಕ್ಕ ಓದಿದಾಗ ನಮ್ಮ ಪತ್ರಿಕೆಯಲ್ಲೇ ಬರುವ ‘ನಮ್ಮೂರು’ ಬರಹಗಳು ನೆನಪಾಗದೆ ಇರಲಿಲ್ಲ. ಯುಗಾದಿ ಸಂಚಿಕೆಗೆ ಎರಡು, ರಾಜ್ಯೋತ್ಸವಕ್ಕೆ ಎರಡು. ಎಲ್ಲದರಲ್ಲೂ ಹೊಳೆ ಜುಳುಜುಳು ಹರಿಯುತ್ತದೆ, ಅಜ್ಜಿ ರೊಟ್ಟಿ ತಟ್ಟುತ್ತಾಳೆ, ಆಲದ ಮರ ನೆರಳು ಕೊಡುತ್ತದೆ. ಊರಿನ ಹೆಸರು ಅಳಿಸಿ ಬೇರೆ ಊರಿನ ಹೆಸರು ಬರೆದರೂ ಲೇಖನ ಕೆಡುವುದಿಲ್ಲ. ಬರೆದವರನ್ನು ನೋಯಿಸಲು ಹೇಳುತ್ತಿಲ್ಲ. ಅವರಲ್ಲಿ ಹಲವರು ನನ್ನ ಸ್ನೇಹಿತರೇ. ಆದರೆ ಇಲ್ಲೇ ಹುಟ್ಟಿದ ಮಗಳು ಅದನ್ನು ಓದಿ ‘ಎಷ್ಟು ಮನೆ ಇತ್ತಪ್ಪಾ? ಬಾವಿ ಯಾರದ್ದು? ಯಾರು ಯಾರು ಅದರಿಂದ ನೀರು ಸೇದಬಹುದಿತ್ತು?’ ಎಂದು ಕೇಳಿದರೆ ಆ ಬರಹದಲ್ಲಿ ಉತ್ತರ ಇರುವುದಿಲ್ಲ. ವೈಟನ ಸೆಲ್ಬೋರ್ನಿನಲ್ಲಿ ಅಂಥ ಉತ್ತರಗಳು ಸಾಲುಸಾಲಾಗಿವೆ. ಯಾವ ಹೊಲದ ಮಣ್ಣು ಯಾವ ಬಣ್ಣ, ಯಾವ ತೊರೆ ಯಾವ ಬೇಸಿಗೆಯಲ್ಲೂ ಬತ್ತುವುದಿಲ್ಲ, ಹೆಂಗಸರು ಯಾವ ತಿಂಗಳಲ್ಲಿ ಕಳೆ ಕೀಳುತ್ತಾರೆ, ಯಾವಾಗ ಹಾಪ್ ಬಿಡಿಸಲು ಹೋಗುತ್ತಾರೆ, ಚಳಿಗಾಲದಲ್ಲಿ ಉಣ್ಣೆ ನೂಲುವ ಕೆಲಸ ಹೇಗೆ ಕೈಬಿಟ್ಟಿತು, ಎಲ್ಲವೂ.

ಇಷ್ಟೆಲ್ಲ ಎಣಿಸಿದವನು ಎಣಿಕೆಯೊಳಗಿನ ಮನುಷ್ಯರನ್ನು ಎಷ್ಟು ಕಂಡ? ಇಲ್ಲಿ ನನ್ನ ತಕರಾರು ಶುರುವಾಗುತ್ತದೆ.

ಬಡವರ ಮನೆಯ ದೀಪದ ಮೇಲೆ ಅವನದೊಂದು ಪತ್ರವಿದೆ. ಜೊಂಡಿನ ಸಿಪ್ಪೆ ಸುಲಿದು, ಒಣಗಿಸಿ, ಕೊಬ್ಬಿನಲ್ಲಿ ಅದ್ದಿ ಬತ್ತಿ ಮಾಡುವ ವಿಧಾನ ಅಡುಗೆ ಪುಸ್ತಕದಷ್ಟು ಸ್ಪಷ್ಟವಾಗಿ ಅಲ್ಲಿದೆ. ಒಂದು ಪೌಂಡಿಗೆ 1600ಕ್ಕೂ ಹೆಚ್ಚು ಜೊಂಡು. 2 ಅಡಿ 4½ ಅಂಗುಲದ ಒಂದು ಬತ್ತಿ ಗಂಟೆಗೆ ಮೂರು ನಿಮಿಷ ಕಡಿಮೆ ಉರಿಯಿತು. ಲೆಕ್ಕ ಹಾಕಿದರೆ ಒಂದು ಫಾರ್ದಿಂಗಿಗೆ, ಅಂದರೆ ಕಾಲು ಪೆನ್ನಿಗೆ, ಐದೂವರೆ ಗಂಟೆ ಬೆಳಕು. ಸೊಗಸಾದ ಪತ್ರ. ಆದರೆ ಕೊನೆಗೆ ಬರುವ ಮಾತು ನೋಡಿ: ಕಡುಬಡವರು ಅರ್ಧ ಪೆನ್ನಿಯ ಮೇಣದಬತ್ತಿ ಕೊಂಡು ಹನ್ನೊಂದು ಗಂಟೆಯ ಬದಲು ಎರಡೇ ಗಂಟೆ ಬೆಳಕು ಪಡೆಯುತ್ತಾರೆ, ಅವರಿಗೆ ಮಿತವ್ಯಯ ಗೊತ್ತಿಲ್ಲ, ಅದಕ್ಕೇ ಅವರು ಬಡವರಾಗಿಯೇ ಉಳಿಯುತ್ತಾರೆ ಎಂಬ ಧಾಟಿ. ವರ್ಷಕ್ಕಾಗುವಷ್ಟು ಕೊಬ್ಬನ್ನು ಒಮ್ಮೆಗೇ ಕೊಳ್ಳಲು ಕೈಯಲ್ಲಿ ಕಾಸು ಬೇಕು, ಜೊಂಡು ಸುಲಿಯಲು ಬಿಡುವು ಬೇಕು. ದಿನಗೂಲಿ ತಂದು ಅಂದಿನ ಅಕ್ಕಿ ಅಂದೇ ಕೊಳ್ಳುವ ಮನೆಗಳನ್ನು ನಾವೆಲ್ಲ ನೋಡಿದ್ದೇವೆ; ಆ ಮನೆಯವರು ಬಿಡಿಯಾಗಿ ಕೊಳ್ಳುವುದು ಲೆಕ್ಕ ಬಾರದೆ ಅಲ್ಲ. ಇಲಿಯನ್ನು ತೂಗಲು ತಾಳ್ಮೆಯಿದ್ದವನಿಗೆ ಇದು ಹೊಳೆಯಲಿಲ್ಲ.

ಇನ್ನೊಂದು ಪತ್ರ ಮನಸ್ಸಿನಿಂದ ಹೋಗುವುದೇ ಇಲ್ಲ. ಸೆಲ್ಬೋರ್ನಿನಲ್ಲಿ ಬುದ್ಧಿ ಬೆಳೆಯದ ಹುಡುಗನೊಬ್ಬನಿದ್ದ. ಅವನ ಬದುಕೆಲ್ಲ ಜೇನುಹುಳುಗಳು. ಚಳಿಗಾಲವಿಡೀ ಅಪ್ಪನ ಮನೆಯ ಒಲೆಯ ಪಕ್ಕ ತೂಕಡಿಸುತ್ತಿದ್ದವನು ಬೇಸಿಗೆ ಬಂದೊಡನೆ ಹೊಲಗಳಲ್ಲಿ, ಬಿಸಿಲು ಬೀಳುವ ದಿಣ್ಣೆಗಳಲ್ಲಿ ಎಚ್ಚರವಾಗುತ್ತಿದ್ದ. ಬರಿಗೈಯಲ್ಲಿ ಹುಳು ಹಿಡಿದು, ಮುಳ್ಳು ಕಿತ್ತು, ಜೇನಿಗಾಗಿ ಅದರ ಮೈ ಹೀರುತ್ತಿದ್ದ. ಅಂಗಿಗೂ ಮೈಗೂ ನಡುವೆ ಹುಳುಗಳನ್ನು ತುಂಬಿಕೊಳ್ಳುತ್ತಿದ್ದ. ಓಡುವಾಗ ತುಟಿಯಲ್ಲಿ ಜೇನಿನಂತೆಯೇ ಗುಂಯ್‌ಗುಡುತ್ತಿದ್ದ. ಊರವರ ಜೇನುಗೂಡುಗಳನ್ನು ಉರುಳಿಸುತ್ತಿದ್ದನೆಂದು ಬೈಗುಳವೂ ಇತ್ತು. ಮುಂದೆ ಅವನನ್ನು ದೂರದ ಹಳ್ಳಿಗೆ ಕಳಿಸಿದರು. ಪೂರ್ಣ ವಯಸ್ಸಿಗೆ ಬರುವ ಮುನ್ನ ಅಲ್ಲೇ ಸತ್ತ. ವೈಟ್ ಕಟುಕನಲ್ಲ. ಈ ಹುಡುಗನಿಗೆ ಬುದ್ಧಿಯೊಂದಿದ್ದರೆ ಜೇನಿನ ಆಟ ತೋರಿಸಿ ಹೆಸರಾದವರಂತೆ ಇವನೂ ಆಗುತ್ತಿದ್ದನೋ ಏನೋ ಎನ್ನುತ್ತಾನೆ. ಆದರೆ ಹೆಸರು ಹೇಳುವುದಿಲ್ಲ. ಆಮೆಗೆ ಹೆಸರುಂಟು, ಈ ಹುಡುಗನಿಗಿಲ್ಲ.

ಇಲ್ಲಿ ಕನ್ನಡ ಓದುಗರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ನೆನಪಾಗಲೇಬೇಕು. ಅಲ್ಲಿಯ ಮಂದಣ್ಣನೂ ಜೇನಿನ ಹಿಂದೆ ಬಿದ್ದವನೇ, ಊರವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದವನೇ. ಆದರೆ ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟು ನಿಸರ್ಗವಿಜ್ಞಾನಿಯನ್ನು ಕಾಣುತ್ತಾರೆ, ಹಾರುವ ಓತಿಯ ಬೆನ್ನು ಹತ್ತಿ ಅವನ ಹಿಂದೆ ನಡೆಯುತ್ತಾರೆ. ಒಂದು ಕಾದಂಬರಿ, ಇನ್ನೊಂದು ನಡೆದದ್ದು. ಎರಡರ ನಡುವೆ ಇನ್ನೂರು ವರ್ಷ. ಸಮಸಮ ತೂಗುವುದು ಅನ್ಯಾಯ ಎನ್ನಬಹುದು. ಆದರೂ ಸೆಲ್ಬೋರ್ನಿನ ಆ ಹುಡುಗನ ಹಿಂದೆ ಒಂದು ದಿನ ವೈಟ್ ನಡೆದು, ಯಾವ ಹೂವಿನ ಮೇಲೆ ಯಾವ ಹುಳು ಎಂದು ಅವನನ್ನೇ ಕೇಳಿದ್ದರೆ, ಆ ಪತ್ರ ಇನ್ನೆಂಥದಾಗುತ್ತಿತ್ತು!

ಅವನು ತೀರಿಕೊಂಡು 37 ವರ್ಷಕ್ಕೆ, 1830ರ ನವೆಂಬರಿನಲ್ಲಿ, ಇದೇ ಸೆಲ್ಬೋರ್ನಿನ ಕೂಲಿಯಾಳುಗಳು ದಂಗೆ ಎದ್ದು, ಬಡವರನ್ನು ಕೂಡುತ್ತಿದ್ದ ವರ್ಕ್‌ಹೌಸನ್ನು ಕೆಡವಿದರು. ರೈತರಿಂದ ವಸೂಲಿ ಮಾಡುವ ದಶಮಾಂಶ ತೆರಿಗೆ ಇಳಿಸೆಂದು ಅಂದಿನ ವಿಕರನನ್ನು ಸುತ್ತುಗಟ್ಟಿದರು. ಬಿಸ್ಕತ್ತಿನ ಡಬ್ಬಿಯ ಚಿತ್ರದಲ್ಲಿ ಇದು ಇರುವುದಿಲ್ಲ. ವೈಟನ ಪುಸ್ತಕದಲ್ಲೂ ಅದರ ಸುಳಿವಿಲ್ಲ. ಹಾಗೆಯೇ ಪ್ಯಾರಿಷ್‌ನ ಆಚೆಯ ಲೋಕ. ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದ ನೆರೆಮನೆಯ ಯುವಕ ಕ್ಯಾಂಟನ್ನಿನಿಂದ ತಂದ ಎರಡು ನಾಯಿಗಳ ಕಿವಿ, ಬಾಲ, ಬೊಗಳುವ ಬಗೆ ಎಲ್ಲವನ್ನೂ ವರ್ಣಿಸುತ್ತಾನೆ. ಅದೇ ಕಂಪನಿ ಅದೇ 1783ರಲ್ಲಿ ಬಿದನೂರಿನ ಕೋಟೆ ಹಿಡಿದು, ಟಿಪ್ಪುವಿನ ಕೈಯಲ್ಲಿ ಅದನ್ನು ಮತ್ತೆ ಕಳೆದುಕೊಂಡಿತ್ತು. ನಮ್ಮ ಅಜ್ಜಂದಿರ ಅಜ್ಜಂದಿರ ನೆಲದಲ್ಲಿ ಕಂಪನಿ, ಸೆಲ್ಬೋರ್ನಿನಲ್ಲಿ ಕಂಪನಿಯ ನಾಯಿ. ಪಾದ್ರಿಯ ವಿಷಯ ಅದಲ್ಲ, ಒಪ್ಪುತ್ತೇನೆ. ಓದುವವನಿಗೆ ಹೊಳೆಯದೆ ಇರುವುದಿಲ್ಲ, ಅಷ್ಟೆ.

ಇನ್ನು ಎಲ್ಲರೂ ನಕ್ಕು ಬಿಡುವ ತಪ್ಪು. ಸ್ವಾಲೋ, ಹೌಸ್ ಮಾರ್ಟಿನ್, ಸ್ವಿಫ್ಟ್, ಈ ಹಕ್ಕಿಗಳೇ ವೈಟನ ಜೀವ. ಅವುಗಳ ಮೇಲೆ ಅವನು ಬರೆದ ಪ್ರಬಂಧಗಳು 1774-75ರಲ್ಲಿ ರಾಯಲ್ ಸೊಸೈಟಿಯಲ್ಲಿ ಓದಲ್ಪಟ್ಟವು. ಮಣ್ಣಿನ ಗೂಡನ್ನು ಮಾರ್ಟಿನ್ ದಿನಕ್ಕೆ ಅರ್ಧ ಅಂಗುಲದಷ್ಟೇ ಏಕೆ ಎತ್ತರಿಸುತ್ತದೆ, ಕೆಳಗಿನ ಮಣ್ಣು ಒಣಗಲು ಹೇಗೆ ಬಿಡುವು ಕೊಡುತ್ತದೆ ಎಂಬುದನ್ನು ಓದಿದರೆ ಅನುಭವಸ್ಥ ಗಾರೆಯವನ ಕೆಲಸ ನೋಡಿದಂತಾಗುತ್ತದೆ. ಈ ಹಕ್ಕಿಗಳು ಶರತ್ಕಾಲದಲ್ಲಿ ಕಾಣೆಯಾಗುತ್ತವೆ. ಎಲ್ಲಿಗೆ ಹೋಗುತ್ತವೆ? ಕೆರೆಯ ತಳದಲ್ಲಿ ನಿದ್ರಿಸುತ್ತವೆ ಎಂದು ಲಿನೇಯಸ್‌ನಂಥ ಮಹಾಪಂಡಿತನೂ ನಂಬಿದ್ದ ಕಾಲ ಅದು. ಪತ್ರ ಪಡೆಯುತ್ತಿದ್ದ ಬ್ಯಾರಿಂಗ್ಟನ್ ವಲಸೆಯನ್ನೇ ಅಲ್ಲಗಳೆಯುತ್ತಿದ್ದ.

ವೈಟನ ಕೈಯಲ್ಲಿ ಮಾತ್ರ ಸಾಕ್ಷ್ಯಗಳಿದ್ದವು. ಜಿಬ್ರಾಲ್ಟರಿನಲ್ಲಿ ಪಾದ್ರಿಯಾಗಿದ್ದ ತಮ್ಮ ಜಾನ್, ವಸಂತದಲ್ಲೂ ಶರತ್ಕಾಲದಲ್ಲೂ ಹಕ್ಕಿಗಳು ಜಲಸಂಧಿ ದಾಟುವುದನ್ನು ಕಂಡು ಬರೆದಿದ್ದ. ಸ್ವತಃ ವೈಟನೇ 1768ರ ಸೆಪ್ಟೆಂಬರಿನ ಕೊನೆಗೆ, ಮಿಕಲ್ಮಸ್ ಹಬ್ಬದ ಬೆಳಗ್ಗೆ, ದಟ್ಟ ಮಂಜಿನ ಬಯಲಿನಲ್ಲಿ ಹೋಗುತ್ತಿದ್ದಾಗ ಕುರುಚಲು ಗಿಡಗಳ ಮೇಲೆಲ್ಲ ಸ್ವಾಲೋಗಳು ಮುತ್ತಿ ಕುಳಿತದ್ದನ್ನು ನೋಡಿದ್ದ. ಮಂಜು ಹರಿದು ಬಿಸಿಲು ಬಿದ್ದೊಡನೆ ಒಟ್ಟಿಗೇ ಎದ್ದು ಅವಸರವಿಲ್ಲದೆ ದಕ್ಷಿಣಕ್ಕೆ, ಕಡಲ ಕಡೆಗೆ ಹೊರಟವು. ಇಷ್ಟು ಕಂಡರೂ, ಎಲ್ಲವೂ ಹೋಗುವುದಿಲ್ಲ, ಕೆಲವಾದರೂ ಇಲ್ಲೇ ಹ್ಯಾಂಗರಿನ ಪೊದೆಗಳಲ್ಲಿ, ಬಿಲಗಳಲ್ಲಿ ಚಳಿಗಾಲ ಕಳೆಯುತ್ತಿರಬೇಕು ಎಂಬ ನಂಬಿಕೆ ಅವನನ್ನು ಬಿಡಲಿಲ್ಲ. 1781ರ ಏಪ್ರಿಲಿನಲ್ಲಿ ಆಳುಗಳನ್ನು ಕರೆದುಕೊಂಡು ಹೋಗಿ ಗುಡ್ಡದ ಪೊದೆಗಳನ್ನು ಅಗೆಸಿದ. ಒಂದೂ ಸಿಗಲಿಲ್ಲ. ಅಗೆಯುತ್ತಿರುವಾಗಲೇ ಆ ವರ್ಷದ ಮೊದಲ ಮಾರ್ಟಿನ್ ಊರಬೀದಿಯ ಮೇಲೆ ಹಾರಿಬಂದು, ನೇರವಾಗಿ ತನ್ನ ಗೂಡು ಹೊಕ್ಕು, ಸ್ವಲ್ಪ ಹೊತ್ತಿದ್ದು, ಮನೆಗಳ ಮೇಲಿನಿಂದ ಹಾರಿಹೋಯಿತು. ಇದನ್ನೂ ಮುಚ್ಚಿಡದೆ ಬರೆದಿದ್ದಾನೆ.

ಇದನ್ನು ಹಳೆಯ ಕಾಲದ ವಿಜ್ಞಾನದ ಕೊರತೆಯೆಂದು ವ್ಯಾಖ್ಯಾನಕಾರರು ದಾಟಿಬಿಡುತ್ತಾರೆ. ನನಗೆ ಹಾಗನಿಸುವುದಿಲ್ಲ. ಬೇರೆ ಎಲ್ಲ ವಿಷಯದಲ್ಲೂ ಕೇಳಿದ್ದನ್ನು ನಂಬದೆ ಕಂಡದ್ದನ್ನೇ ನಂಬಿದವನು ಇದೊಂದರಲ್ಲಿ ಕಂಡದ್ದನ್ನೇ ನಂಬಲಾರದೆ ಹೋದ. ಊರು ಬಿಡದವನಿಗೆ, ತಾನು ಅಷ್ಟು ಪ್ರೀತಿಸಿದ ಜೀವಗಳಿಗೆ ಇನ್ನೊಂದು ಊರಿದೆ, ಅಲ್ಲಿಯೂ ಅವು ಅರ್ಧ ವರ್ಷ ಸುಖವಾಗಿವೆ ಎಂಬುದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು. ದೂರ ಹೋಗಿಲ್ಲ, ಇಲ್ಲೇ ಎಲ್ಲೋ ಮಲಗಿವೆ, ಕಷ್ಟಪಟ್ಟು ಹುಡುಕಿದರೆ ಸಿಕ್ಕಾವು. ಮಗ ವಿದೇಶಕ್ಕೆ ಹೋಗಿ ಇಪ್ಪತ್ತು ವರ್ಷವಾದ ಮೇಲೂ ‘ಓದು ಮುಗಿಸಿ ಬರುತ್ತಾನೆ’ ಎನ್ನುವ ತಾಯಂದಿರ ಮಾತಿನ ಧಾಟಿ ನಮ್ಮಲ್ಲಿ ಎಷ್ಟು ಜನಕ್ಕೆ ಪರಿಚಿತವಲ್ಲ? ನಾವು ಅಂಥ ಪತ್ರಗಳನ್ನು ಪಡೆದವರು, ಹೋದ ಹಕ್ಕಿಯ ಕಡೆಯವರು. ಉಳಿದವನ ಕಡೆಯಿಂದ ಅದು ಹೇಗೆ ಕಾಣುತ್ತದೆಂದು ಈ ಪುಸ್ತಕದಲ್ಲಿ ತಿಳಿದಷ್ಟು ನನಗೆ ಬೇರೆ ಕಡೆ ತಿಳಿದಿಲ್ಲ. ಅದಕ್ಕೇ ಈ ತಪ್ಪನ್ನು ಪುಸ್ತಕದ ಹೃದಯವೆಂದು ಎಣಿಸುತ್ತೇನೆ.

ಪ್ರಶ್ನೆ ತೀರಿದ್ದು ಬಹಳ ತಡವಾಗಿ. 1911ರ ಮೇ ತಿಂಗಳಲ್ಲಿ ಸ್ಟ್ಯಾಫರ್ಡ್‌ಷೈರಿನ ಮನೆಯೊಂದರಲ್ಲಿ ಕಾಲಿಗೆ ಉಂಗುರ ತೊಡಿಸಿದ ಸ್ವಾಲೋ 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ನಟಾಲಿನಲ್ಲಿ ಸಿಕ್ಕಿತು. ಚಳಿಗಾಲದಲ್ಲಿ ನಮ್ಮ ಊರುಗಳ ವಿದ್ಯುತ್ ತಂತಿಗಳ ಮೇಲೆ ಸಾಲಾಗಿ ಕೂರುವ ಕವಲುಬಾಲದ ಹಕ್ಕಿಯೂ ಇದೇ ಜಾತಿಯದು. ಆದರೆ ಅವು ಬರುವುದು ಏಷ್ಯದ ಉತ್ತರದಿಂದ, ಇಂಗ್ಲೆಂಡಿನಿಂದ ಅಲ್ಲ.

ಆಮೆಯ ವಿಷಯ ಹೇಳದೆ ಹೋದರೆ ಮಕ್ಕಳು ಬಿಡುವುದಿಲ್ಲ. ಸೋದರತ್ತೆಯಿಂದ ಬಂದ ಟಿಮತಿ ಎಂಬ ಆಮೆಯನ್ನು 1780ರಲ್ಲಿ ಮಣ್ಣಿನೊಳಗಿನ ನಿದ್ದೆಯಿಂದ ಎಬ್ಬಿಸಿ, ಪೆಟ್ಟಿಗೆಯಲ್ಲಿಟ್ಟು, ಕುದುರೆಗಾಡಿಯಲ್ಲಿ 80 ಮೈಲಿ ತಂದು ತೋಟದಲ್ಲಿ ಬಿಟ್ಟ. ಗಂಡೆಂದೇ ಎಲ್ಲರೂ ತಿಳಿದಿದ್ದ ಅದು ಹೆಣ್ಣೆಂದು ತಿಳಿದದ್ದು ಸತ್ತ ಮೇಲೆ. ಅದರ ಚಿಪ್ಪು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಸೇರಿದೆ.

ಹೋಗಿ ನೋಡುವವರಿಗೆ: ವಾಟರ್ಲೂನಿಂದ ಆಲ್ಟನ್ನಿಗೆ ರೈಲು, ಅಲ್ಲಿಂದ ಬಸ್ಸು ಅಥವಾ ಟ್ಯಾಕ್ಸಿ. ವೈಟನ ಮನೆ 1955ರಿಂದ ವಸ್ತುಸಂಗ್ರಹಾಲಯ. ಅವನು ಸುತ್ತಳತೆ 23 ಅಡಿ ಎಂದು ಅಳೆದಿದ್ದ ಚರ್ಚಿನ ಅಂಗಳದ ಯೂ ಮರ 1990ರ ಜನವರಿ 25ರ ಬಿರುಗಾಳಿಗೆ ಉರುಳಿತು. ಎತ್ತಿ ನಿಲ್ಲಿಸಿದರೂ ಚಿಗುರಿ ಉಳಿಯಲಿಲ್ಲ, ಬುಡ ಮಾತ್ರ ಇದೆ. ಗೋರಿಯನ್ನು ಹುಡುಕಬೇಕು. ಪುಟ್ಟ ಕಲ್ಲು, ಎರಡು ಅಕ್ಷರ, ಒಂದು ತಾರೀಖು. ಪುಸ್ತಕ ಕೊಳ್ಳುವವರು ರಿಚರ್ಡ್ ಮೇಬಿ ಸಂಪಾದಿಸಿದ ಪೆಂಗ್ವಿನ್ ಆವೃತ್ತಿ ಕೊಳ್ಳಬಹುದು, ಲೈಬ್ರರಿಗಳಲ್ಲೂ ಕೇಳಿದರೆ ಸಿಗುತ್ತದೆ. ಮೊದಲ ಒಂಬತ್ತು ಪತ್ರಗಳಲ್ಲಿ ಸಿಕ್ಕಿಕೊಂಡು ಕೆಳಗಿಡಬೇಡಿ. ಹತ್ತನೆಯದರಿಂದ ಶುರುಮಾಡಿ, ಸ್ವಾಲೋಗಳ ಪತ್ರಗಳನ್ನು ಓದಿ, ಆಮೇಲೆ ಬೇಕಾದರೆ ಹಿಂದಕ್ಕೆ ಬನ್ನಿ.